ಕಾವೇರಿ ನೀರಿನ ಆದೇಶ ಬಂದ ದಿನ ಲೆಕ್ಕ ನೀವೇ ಹಾಕಿ ನೋಡೋದು ಹೇಗೆ

ಟಿ.ವಿ. ಪರದೆಯ ಕೆಳಗೆ ಒಂದು ಸಾಲು ಓಡುತ್ತದೆ: ತಮಿಳುನಾಡಿಗೆ 5 ಸಾವಿರ ಕ್ಯೂಸೆಕ್ ನೀರು ಬಿಡಲು ಆದೇಶ. ಅಷ್ಟೇ. ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಜಗಳ ಶುರು, ಸಂಜೆಗೆ ಮಂಡ್ಯದಲ್ಲಿ ರಸ್ತೆ ತಡೆ, ಮಾರನೇ ದಿನ ಬಂದ್ ಕರೆ. ಆದರೆ ಆ ಸಾಲಿನಲ್ಲಿ ಇರಬೇಕಾದ ಮುಖ್ಯ ವಿಷಯಗಳೇ ಇರೋದಿಲ್ಲ. ಎಷ್ಟು ದಿನ ಬಿಡಬೇಕು? ಎಲ್ಲಿ ಅಳೆದು ಕೊಡಬೇಕು? ಮಳೆ ಚೆನ್ನಾಗಿ ಆದ ವರ್ಷದಲ್ಲಿ ಇದೇ ತಿಂಗಳು ಎಷ್ಟು ಕೊಡಬೇಕಿತ್ತು? ಆದೇಶ ಕೊಟ್ಟವರು ಯಾರು?

ಈ ನಾಲ್ಕು ಗೊತ್ತಾದರೆ ಆದೇಶ ನ್ಯಾಯವೋ ಅನ್ಯಾಯವೋ ಅಂತ ನೀವೇ ಅಳೆಯಬಹುದು. ದೊಡ್ಡ ಓದು ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಾಲ್ಕು ಸರ್ಕಾರಗಳು (ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ) ಒಂದು ನದಿಯನ್ನು ಹಂಚಿಕೊಳ್ಳೋದು ಭಾಷಣದಲ್ಲಿ ಅಲ್ಲ, ಒಂದು ಕೋಷ್ಟಕದಲ್ಲಿ. ಆ ಕೋಷ್ಟಕ ಓದೋಕೆ ಬರದಿದ್ದರೆ ನಮ್ಮ ಪರವಾಗಿ ದೆಹಲಿಯಲ್ಲಿ ಕೂತವರು ಸರಿಯಾಗಿ ವಾದ ಮಾಡಿದರೋ ಇಲ್ಲವೋ ಅನ್ನೋದೂ ನಮಗೆ ತಿಳಿಯೋದಿಲ್ಲ.

ಮೊದಲು ಕ್ಯೂಸೆಕ್ಕನ್ನು ಟಿಎಂಸಿ ಮಾಡಿ

ಕ್ಯೂಸೆಕ್ ಅಂದರೆ ಹರಿಯೋ ವೇಗ, ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಅಂದರೆ ಒಟ್ಟು ಪ್ರಮಾಣ, ನೂರು ಕೋಟಿ ಘನ ಅಡಿ. ಇವೆರಡನ್ನೂ ಕಲಸಿಬಿಡೋದರಿಂದಲೇ ಅರ್ಧ ಗೊಂದಲ. 5 ಸಾವಿರ ಅನ್ನೋದು ದೊಡ್ಡ ಸಂಖ್ಯೆ ಥರ ಕೇಳುತ್ತದೆ, ಆದರೆ ಎಷ್ಟು ದಿನ ಅಂತ ಹೇಳದೆ ಅದಕ್ಕೆ ಅರ್ಥವೇ ಇಲ್ಲ.

ನೆನಪಿಡಬೇಕಾದ ಸಂಖ್ಯೆ ಒಂದೇ: 11,574. ಅಷ್ಟು ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಹಾಗಾಗಿ ಆದೇಶದ ಕ್ಯೂಸೆಕ್ಕನ್ನು ದಿನಗಳಿಂದ ಗುಣಿಸಿ, 11,574ರಿಂದ ಭಾಗಿಸಿ. 5 ಸಾವಿರ ಕ್ಯೂಸೆಕ್ 15 ದಿನ ಅಂದರೆ 6.48 ಟಿಎಂಸಿ. ಪಕ್ಕದಲ್ಲಿ ನಮ್ಮ ಕಟ್ಟೆಗಳ ಅಳತೆ ಇಟ್ಟುಕೊಳ್ಳಿ. ಕನ್ನಂಬಾಡಿ (ಕೆಆರ್‌ಎಸ್) ತುಂಬಿದರೆ 49.45 ಟಿಎಂಸಿ, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.5. ನಾಲ್ಕೂ ಸೇರಿ 114 ಚಿಲ್ಲರೆ. ತಮಿಳುನಾಡಿನ ಮೆಟ್ಟೂರು ಒಂದೇ 93.47.

ಅಳೆಯೋದು ಬಿಳಿಗುಂಡ್ಲುವಿನಲ್ಲಿ, ಕನ್ನಂಬಾಡಿಯಲ್ಲಿ ಅಲ್ಲ

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕೆಆರ್‌ಎಸ್ ಗೇಟಿನಿಂದ ಇಷ್ಟು ಹೊರಹರಿವು ಅಂತ ಪತ್ರಿಕೆಯಲ್ಲಿ ಬಂದರೆ ಅಷ್ಟೂ ನೀರು ತಮಿಳುನಾಡಿಗೆ ಹೋಯಿತು ಅಂದುಕೊಳ್ಳುತ್ತೇವೆ. ಆ ಹೊರಹರಿವಿನಲ್ಲಿ ನಮ್ಮ ನಾಲೆಗೆ ಬಿಟ್ಟಿದ್ದೂ ಸೇರಿರಬಹುದು. ಹೊಳೆಗೆ ಬಿಟ್ಟಿದ್ದರಲ್ಲೂ ಬೆಂಗಳೂರು, ಮೈಸೂರಿನಂಥ ಊರುಗಳ ಕುಡಿಯೋ ನೀರು ದಾರಿಯಲ್ಲೇ ಎತ್ತುತ್ತಾರೆ.

ಲೆಕ್ಕಕ್ಕೆ ಬರೋದು ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಅಳೆಯೋ ನೀರು ಮಾತ್ರ. ಅದರಲ್ಲಿ ಕನ್ನಂಬಾಡಿಯದೂ ಇದೆ, ಕಬಿನಿಯದೂ ಇದೆ, ಕಟ್ಟೆಗಳ ಕೆಳಗೆ ಶಿಂಷಾ, ಅರ್ಕಾವತಿ ಕಡೆ ಬಿದ್ದ ಮಳೆ ನೀರೂ ಇದೆ. ರಾಮನಗರ, ಕನಕಪುರದ ಕಡೆ ಜೋರು ಮಳೆಯಾದ ವಾರ ಕಟ್ಟೆಯಿಂದ ಕಡಿಮೆ ಬಿಟ್ಟರೂ ಗಡಿಯಲ್ಲಿ ಲೆಕ್ಕ ಕೂಡಿಬರಬಹುದು. ಆದ್ದರಿಂದ ಆದೇಶ ಓದುವಾಗ "ಬಿಳಿಗುಂಡ್ಲುವಿನಲ್ಲಿ" ಅನ್ನೋ ಪದ ಇದೆಯಾ ಅಂತ ಮೊದಲು ಹುಡುಕಿ.

ತಿಂಗಳ ಕೋಷ್ಟಕ: ಇದನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ

ಕಾವೇರಿ ಜಗಳ ಬಗೆಹರಿಸೋಕೆ ಮಾಡಿದ್ದ ನ್ಯಾಯಮಂಡಳಿ 2007ರ ಫೆಬ್ರುವರಿ 5ರಂದು ಐತೀರ್ಪು, ಅಂದರೆ ಅಂತಿಮ ತೀರ್ಪು ಕೊಟ್ಟಿತು. ಅದರ ಮೇಲಿನ ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಇತ್ಯರ್ಥ ಮಾಡಿತು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು, ತಮಿಳುನಾಡಿನ ಪಾಲು 419ರಿಂದ 404.25ಕ್ಕೆ ಇಳಿಯಿತು. ಕೇರಳಕ್ಕೆ 30, ಪುದುಚೇರಿಗೆ 7 ಹಾಗೇ ಉಳಿದವು. ನಮಗೆ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯೋ ನೀರಿಗೆ. ಉಳಿದ 10 ಯಾಕೆ ಅಂದರೆ ತಮಿಳುನಾಡಿನ ಡೆಲ್ಟಾದಲ್ಲಿ ಅಂತರ್ಜಲ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನೋ ವಾದವನ್ನು ಕೋರ್ಟ್ ಒಪ್ಪಿತು. ವರ್ಷಗಟ್ಟಲೆ ಕೂತು ಅಂಕಿಅಂಶ ಜೋಡಿಸಿದವರ ಕೆಲಸಕ್ಕೆ ಸಿಕ್ಕ ಫಲ ಅದು.

ಆಮೇಲೆ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಕೊಡಬೇಕಾದ್ದು 177.25 ಟಿಎಂಸಿ. ನೀರಿನ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಕಂತು ಹೀಗಿದೆ: ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22, ನವೆಂಬರ್ 13.78, ಡಿಸೆಂಬರ್ 7.35, ಜನವರಿ 2.76, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ.

ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೇ ತಿಂಗಳಿಗೆ ಸುಮಾರು 114 ಟಿಎಂಸಿ, ಗಮನಿಸಿದಿರಾ? ಗಲಾಟೆ ಹೆಚ್ಚಿನ ಸಲ ಆಗಸ್ಟ್, ಸೆಪ್ಟೆಂಬರಿನಲ್ಲೇ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮುಂಗಾರು ಕೈಕೊಟ್ಟ ವರ್ಷ ಕಟ್ಟೆ ಖಾಲಿ ಇರೋದೂ ಆಗಲೇ, ದೊಡ್ಡ ಕಂತು ಬರೋದೂ ಆಗಲೇ, ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ರೈತ ಭತ್ತದ ನಾಟಿಗೆ ನೀರು ಕೇಳೋದೂ ಆಗಲೇ, ಅಲ್ಲಿ ತಂಜಾವೂರಿನವರು ಕುರುವೈ (ಮೊದಲ ಭತ್ತದ ಬೆಳೆ) ಉಳಿಸಿಕೊಂಡು ಸಾಂಬಾ (ಆಮೇಲಿನ ಭತ್ತದ ಬೆಳೆ) ಶುರು ಮಾಡೋದೂ ಆಗಲೇ.

ಈಗ ಆದೇಶವನ್ನು ಕೋಷ್ಟಕದ ಪಕ್ಕ ಇಟ್ಟು ನೋಡಿ

ಇದೇ ಈ ಲೇಖನದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ. ತಿಂಗಳ ಕಂತನ್ನು ದಿನಗಳಿಂದ ಭಾಗಿಸಿ, 11,574ರಿಂದ ಗುಣಿಸಿ. ಮಾಮೂಲಿ ವರ್ಷದಲ್ಲಿ ಆ ತಿಂಗಳು ಗಡಿಯಲ್ಲಿ ದಿನವೂ ಹರಿಯಬೇಕಾದ ಕ್ಯೂಸೆಕ್ ಸಿಗುತ್ತದೆ. ಸೆಪ್ಟೆಂಬರಿಗೆ ಮಾಡಿ ನೋಡಿ: 36.76 ಭಾಗಿಸು 30, ಗುಣಿಸು 11,574. ಸುಮಾರು 14,200 ಕ್ಯೂಸೆಕ್. ಅಕ್ಟೋಬರಿಗೆ ಸುಮಾರು 7,500. ನವೆಂಬರಿಗೆ ಸುಮಾರು 5,300.

2023ಕ್ಕೆ ಬನ್ನಿ. ಮಳೆ ಕೈಕೊಟ್ಟ ವರ್ಷ, ಸೆಪ್ಟೆಂಬರಿನಲ್ಲಿ ಕನ್ನಂಬಾಡಿ ತುಂಬಿದಾಗಿನ 124.80 ಅಡಿಯ ಬದಲು 100 ಅಡಿಗಿಂತ ಕೆಳಗೇ ಇತ್ತು. ಆಗಸ್ಟ್ ಮಧ್ಯದಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಗಿ 24 ಸಾವಿರ ಕ್ಯೂಸೆಕ್ ಕೇಳಿತು. ಆಗಸ್ಟ್ ಕೊನೆಗೆ ಬಂದ ಆದೇಶ 15 ದಿನ 5 ಸಾವಿರ. ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ 15 ದಿನ 5 ಸಾವಿರ. ಸೆಪ್ಟೆಂಬರ್ 28ರಿಂದ 3 ಸಾವಿರ, ನವೆಂಬರ್ ಮೊದಲಿಗೆ 2,600.

ಈಗ ಪಕ್ಕ ಪಕ್ಕ ಇಡಿ. ಸೆಪ್ಟೆಂಬರಿನಲ್ಲಿ 14,200ರ ಜಾಗದಲ್ಲಿ 5 ಸಾವಿರ, ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಕ್ಟೋಬರಿನಲ್ಲಿ 7,500ರ ಜಾಗದಲ್ಲಿ 3 ಸಾವಿರ, ನೂರಕ್ಕೆ 40. ನವೆಂಬರಿನಲ್ಲಿ 5,300ರ ಜಾಗದಲ್ಲಿ 2,600, ಹೆಚ್ಚು ಕಡಿಮೆ ಅರ್ಧ. ಹಾಗಂತ ನಮಗೆ ನೋವಾಗಲಿಲ್ಲ ಅಂತ ಹೇಳುತ್ತಿಲ್ಲ. ಮಂಡ್ಯದ ಗದ್ದೆಗಳಿಗೆ ಆ ವರ್ಷ ಸಾಕಷ್ಟು ನೀರು ಸಿಗಲಿಲ್ಲ, ಸೆಪ್ಟೆಂಬರ್ 26ಕ್ಕೆ ಬೆಂಗಳೂರು, 29ಕ್ಕೆ ಇಡೀ ಕರ್ನಾಟಕ ಬಂದ್ ಆಗಿತ್ತು, ಆ ಸಿಟ್ಟಿಗೆ ಕಾರಣ ಇತ್ತು. ಆದರೆ ಮಾಮೂಲಿ ಕಂತನ್ನೇ ಪೂರ್ತಿ ಕಿತ್ತುಕೊಂಡರು ಅಂತ ಆಗ ಹರಿದಾಡಿದ ಮಾತು ತಪ್ಪು. ಕೇಳಬೇಕಿದ್ದ ಪ್ರಶ್ನೆ ಬೇರೆ: ಮೂರನೇ ಒಂದು ಭಾಗ ಅನ್ನೋದನ್ನು ಯಾವ ಲೆಕ್ಕದ ಮೇಲೆ ಕಟ್ಟಿದರು?

2024ರ ಜುಲೈ ಇನ್ನೊಂದು ಒಳ್ಳೆ ಉದಾಹರಣೆ. ಆಗ ಬಂದ ಆದೇಶ ತಿಂಗಳ ಕೊನೆವರೆಗೆ ದಿನಕ್ಕೆ ಒಂದು ಟಿಎಂಸಿ. ಜುಲೈ ಕಂತು 31.24, ದಿನ 31. ನೋಡಿದಿರಾ, ಅದು ಮಳೆ ಚೆನ್ನಾಗಿ ಆದ ವರ್ಷದ ಪೂರ್ತಿ ಕಂತೇ! ಕಟ್ಟೆಗಳು ಇನ್ನೂ ತುಂಬದ ಹೊತ್ತಿನಲ್ಲಿ ಪೂರ್ತಿ ಕಂತು ಕೇಳಿದ್ದಕ್ಕೆ ಕರ್ನಾಟಕ ಆಕ್ಷೇಪ ಎತ್ತಿ 8 ಸಾವಿರ ಕ್ಯೂಸೆಕ್ ಮಾತ್ರ ಅಂದಿದ್ದರಲ್ಲಿ ಹುರುಳಿತ್ತು. ಆಮೇಲೆ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಸುರಿದು, ಜುಲೈ ಮುಗಿಯುವ ಮೊದಲೇ ಕನ್ನಂಬಾಡಿ ತುಂಬಿ, ಕೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ನೀರು ತಾನಾಗೇ ಹರಿದುಹೋಯಿತು.

ಎರಡು ವರ್ಷ, ಎರಡು ಆದೇಶ, ಸುದ್ದಿಯಲ್ಲಿ ಎರಡೂ ಒಂದೇ ಥರ ಕೇಳಿಸಿದವು. ಲೆಕ್ಕ ಹಾಕಿದರೆ ಎರಡಕ್ಕೂ ಸಂಬಂಧವೇ ಇಲ್ಲ.

ಆದೇಶ ಕೊಟ್ಟಿದ್ದು ಯಾರು ಅಂತ ನೋಡಿ

2018ರ ತೀರ್ಪಿನ ನಂತರ ಜೂನ್ 1ರಂದು ಕೇಂದ್ರ ಸರ್ಕಾರ ಒಂದು ಯೋಜನೆ ಪ್ರಕಟಿಸಿ ಎರಡು ಸಂಸ್ಥೆ ಮಾಡಿತು. ಕೆಳಗಿನದು ಕಾವೇರಿ ನೀರು ನಿಯಂತ್ರಣ ಸಮಿತಿ. ಇದರಲ್ಲಿ ನಾಲ್ಕೂ ಸರ್ಕಾರಗಳ ಎಂಜಿನಿಯರ್‌ಗಳು, ಹವಾಮಾನ ಇಲಾಖೆಯವರು, ಕೇಂದ್ರ ಜಲ ಆಯೋಗದವರು ಕೂರುತ್ತಾರೆ. ಮಳೆಗಾಲದಲ್ಲಿ ಪದೇ ಪದೇ ಸೇರಿ, ಒಳಹರಿವು, ಸಂಗ್ರಹ, ಮಳೆ ಮುನ್ಸೂಚನೆ ನೋಡಿ ಎಷ್ಟು ಬಿಡಬೇಕು ಅಂತ ಹೇಳುತ್ತಾರೆ. ಮೇಲಿನದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ಅದರಲ್ಲಿ ಕೇಂದ್ರದವರು ಮತ್ತು ನಾಲ್ಕೂ ಸರ್ಕಾರಗಳ ಒಬ್ಬೊಬ್ಬ ಸದಸ್ಯರು. ಸಮಿತಿ ಹೇಳಿದ್ದನ್ನು ಪ್ರಾಧಿಕಾರ ಎತ್ತಿಹಿಡಿಯಬಹುದು, ಬದಲಿಸಬಹುದು. ತೀರ್ಮಾನ ಹಾಜರಿದ್ದವರ ಬಹುಮತದ್ದು.

ಇದರಿಂದ ಓದುಗರು ತಿಳಿಯಬೇಕಾದ್ದು: ಸಮಿತಿಯ ಸುದ್ದಿ ಬಂದ ದಿನವೇ ಕಥೆ ಮುಗಿಯೋದಿಲ್ಲ. ಪ್ರಾಧಿಕಾರದ ಸಭೆಗೆ ಸಾಮಾನ್ಯವಾಗಿ ಇನ್ನೂ ಕೆಲವು ದಿನ ಇರುತ್ತದೆ, ನಮ್ಮ ಸರ್ಕಾರ ಹೊಸ ಅಂಕಿ ಇಡೋಕೆ ಅವಕಾಶ ಅಲ್ಲಿದೆ. ಅದೂ ಆದಮೇಲೆ ಸುಪ್ರೀಂ ಕೋರ್ಟ್. ಆದರೆ 2023ರ ಸೆಪ್ಟೆಂಬರ್ 21ರಂದು ಕೋರ್ಟ್ 5 ಸಾವಿರ ಕ್ಯೂಸೆಕ್ಕಿನ ಆದೇಶದಲ್ಲಿ ಕೈಹಾಕೋಕೆ ಒಪ್ಪಲಿಲ್ಲ. ತಜ್ಞರ ಸಂಸ್ಥೆ ಅಂತ ಮಾಡಿದ ಮೇಲೆ ವಾರ ವಾರದ ಲೆಕ್ಕವನ್ನು ತಾವೇ ಹಾಕೋಕೆ ನ್ಯಾಯಾಧೀಶರಿಗೆ ಮನಸ್ಸಿಲ್ಲ. ಹಾಗಾಗಿ ಗೆಲುವು ಸೋಲು ನಿರ್ಧಾರ ಆಗೋದು ಬಹುಪಾಲು ಎಂಜಿನಿಯರ್‌ಗಳ ಸಭೆಯಲ್ಲೇ.

ಸಂವಿಧಾನದ ಮಾತು ಎರಡೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ನೀರು ರಾಜ್ಯಗಳ ಪಟ್ಟಿಯಲ್ಲಿದೆ, ಆದರೆ ರಾಜ್ಯದಿಂದ ರಾಜ್ಯಕ್ಕೆ ಹರಿಯೋ ನದಿಯ ವಿಷಯದಲ್ಲಿ ಕೇಂದ್ರಕ್ಕೂ ಅಧಿಕಾರ ಇದೆ, ಜಗಳ ಬಂದರೆ 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ನ್ಯಾಯಮಂಡಳಿ. ಅದೇ 1956ರಲ್ಲಿ ರಾಜ್ಯಗಳು ಸೇರಿ ಕೆಲಸ ಮಾಡಲಿ ಅಂತ ನದಿ ಮಂಡಳಿ ಕಾಯ್ದೆಯನ್ನೂ ತಂದರು, ಅದರಡಿ ಇವತ್ತಿನವರೆಗೆ ಒಂದೇ ಒಂದು ಮಂಡಳಿ ಆಗಲಿಲ್ಲ. ಜಗಳದ ಕಾಯ್ದೆ ಬಳಕೆಗೆ ಬಂತು, ಕೂಡಿ ಬಾಳೋ ಕಾಯ್ದೆ ಕಪಾಟಿನಲ್ಲೇ ಉಳಿಯಿತು. ಇದಕ್ಕೆ ನನಗೆ ನಿಜಕ್ಕೂ ಬೇಜಾರಿದೆ.

ಸಂಕಷ್ಟದ ವರ್ಷ: ನಿಜವಾದ ಜಗಳ ಇರೋದು ಇಲ್ಲಿ

ಮಳೆ ಚೆನ್ನಾಗಿ ಆದರೆ ಯಾರೂ ಕೋಷ್ಟಕ ತೆರೆದು ನೋಡೋದಿಲ್ಲ. ಮಳೆ ಕಡಿಮೆ ಆದರೆ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕು ಅಂತ ಐತೀರ್ಪಿನಲ್ಲೇ ಇದೆ. ಸರಿ, ಆದರೆ ಕೊರತೆ ಎಷ್ಟು ಅಂತ ಅಳೆಯೋದು ಯಾವುದರಿಂದ? ಎರಡೂ ರಾಜ್ಯ ಮನಸಾರೆ ಒಪ್ಪಿದ ಸಂಕಷ್ಟ ಸೂತ್ರ, ಅಂದರೆ ಕೊರತೆಯ ವರ್ಷ ನೀರು ಹಂಚೋ ಲೆಕ್ಕ ಇಲ್ಲ.

ಸಮಿತಿ ಮುಖ್ಯವಾಗಿ ನೋಡೋದು ನಮ್ಮ ನಾಲ್ಕು ಕಟ್ಟೆಗಳ ಒಳಹರಿವನ್ನು. ಹಿಂದಿನ 30 ವರ್ಷದ ಸರಾಸರಿಗೆ ಹೋಲಿಸಿ ಈ ವರ್ಷ ನೂರಕ್ಕೆ ಎಷ್ಟು ಕಡಿಮೆ ಅಂತ ಲೆಕ್ಕ ಹಾಕುತ್ತಾರೆ. ಹಾಗಾಗಿ ನೀವೂ ಕಟ್ಟೆಯ ಅಡಿ ನೋಡಿ ಸುಮ್ನಾಗಬೇಡಿ, ಜೂನ್ 1ರಿಂದ ಇವತ್ತಿನವರೆಗೆ ಒಟ್ಟು ಎಷ್ಟು ಟಿಎಂಸಿ ಒಳಗೆ ಬಂತು ಅಂತ ನೋಡಿ. ಕಟ್ಟೆ ಅರ್ಧ ಖಾಲಿ ಇರೋದು ಮಳೆ ಬಾರದೇ ಇರಬಹುದು, ಬಂದ ನೀರನ್ನು ನಾಲೆಗೆ ಬಿಟ್ಟೂ ಇರಬಹುದು. ಮೊದಲನೆಯದಕ್ಕೆ ಮಾತ್ರ ಸಭೆಯಲ್ಲಿ ಬೆಲೆ.

ತಮಿಳುನಾಡಿನ ವಾದ ನೇರ: ಒಳಹರಿವು ಅರ್ಧ ಕಡಿಮೆ ಆದರೆ ಕಂತೂ ಅರ್ಧ ಕಡಿಮೆ ಮಾಡಿ, ಉಳಿದರ್ಧ ಕೊಡಿ. ನಮ್ಮ ವಾದ ಬೇರೆ. ಅವರಿಗೆ ಅಕ್ಟೋಬರಿನಿಂದ ಹಿಂಗಾರು ಇದೆ, ನಮಗೆ ಜೂನಿನಿಂದ ಸೆಪ್ಟೆಂಬರಿನ ಮುಂಗಾರು ಬಿಟ್ಟರೆ ಗತಿಯಿಲ್ಲ. ಮೆಟ್ಟೂರಿನಲ್ಲಿ ಇರೋ ನೀರನ್ನು ಲೆಕ್ಕಕ್ಕೆ ಹಿಡಿಯಿರಿ, ಕುರುವೈ ಬೆಳೆಯ ವಿಸ್ತೀರ್ಣ ಎಷ್ಟು ಬೆಳೆಸಿದ್ದಾರೆ ನೋಡಿ, ಕುಡಿಯೋ ನೀರು ಮೊದಲು. ನನ್ನ ಅಭಿಪ್ರಾಯ ಕೇಳಿದರೆ, ಹಿಂಗಾರಿನ ವಾದ ನಮ್ಮ ಅತ್ಯಂತ ಗಟ್ಟಿಯಾದ ವಾದ. ಆದರೆ ಅದನ್ನು ಗೆಲ್ಲೋಕೆ ಆಗಸ್ಟಿನಲ್ಲಿ ಕೂಗಿದರೆ ಸಾಲದು. ಹಿಂಗಾರು ಕೈಕೊಟ್ಟ ವರ್ಷ ನಾವು ಏನು ಮಾಡುತ್ತೇವೆ ಅನ್ನೋದನ್ನೂ ಸೂತ್ರದಲ್ಲಿ ಬರೆದು ಕೊಡಬೇಕು. ಒಂದೇ ಕಡೆ ವಾಲಿದ ಸೂತ್ರಕ್ಕೆ ಇನ್ನೊಬ್ಬರು ಯಾಕೆ ಸಹಿ ಹಾಕುತ್ತಾರೆ ಹೇಳಿ?

ಹೊಸಪೇಟೆಯಲ್ಲಿ ನಡೆಯೋದನ್ನು ನೋಡಿ ಕಲಿಯಬಹುದು

ಸೇರಿ ಕೆಲಸ ಮಾಡೋದು ಅಸಾಧ್ಯ ಅನ್ನುವವರಿಗೆ ತುಂಗಭದ್ರಾ ಮಂಡಳಿ ತೋರಿಸಿ. 1953ರಲ್ಲಿ ಆಗಿದ್ದು. ಕೇಂದ್ರ ನೇಮಿಸಿದ ಅಧ್ಯಕ್ಷರು, ಕರ್ನಾಟಕ, ಆಂಧ್ರ, ಈಗ ತೆಲಂಗಾಣದ ಸದಸ್ಯರು. ಅಣೆಕಟ್ಟು, ಗೇಟು, ಎರಡು ರಾಜ್ಯಕ್ಕೂ ನೀರು ಒಯ್ಯೋ ಬಲದಂಡೆ ಕಾಲುವೆಗಳ ಉಸ್ತುವಾರಿ ಅವರದು. ನೀರಿನ ವರ್ಷದ ಶುರುವಿನಲ್ಲೇ ಈ ಸಲ ಎಷ್ಟು ನೀರು ಬರಬಹುದು ಅಂತ ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಎಲ್ಲರ ಪಾಲನ್ನೂ ಇಳಿಸಿ ಒಂದು ವರ್ಕಿಂಗ್ ಟೇಬಲ್ ಮಾಡುತ್ತಾರೆ, ಮಳೆ ನೋಡಿಕೊಂಡು ಮಧ್ಯೆ ತಿದ್ದುತ್ತಾರೆ. ತಕರಾರು ಇರುತ್ತದೆ, ಆದರೆ ಕೋಷ್ಟಕದ ಒಳಗೇ ಇರುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 33 ಗೇಟುಗಳ ಪೈಕಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಹೊತ್ತು. ಒತ್ತಡ ತಗ್ಗಿಸೋಕೆ ಬೇರೆ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು, ಎಲ್ಲರ ಬೆಳೆಯ ನೀರು ಕಣ್ಣೆದುರೇ ಹೋಗುತ್ತಿತ್ತು. ಆಂಧ್ರ, ತೆಲಂಗಾಣದ ಕಡೆಗೂ ಇದು ಅವರದೇ ನಷ್ಟ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯೋ ನೀರಿನಲ್ಲೇ ಉಕ್ಕಿನ ತಡೆಹಲಗೆ ಇಳಿಸೋ ಉಪಾಯ ಹೇಳಿದರು, ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಗೇಟು ಯಾರದು, ಖರ್ಚು ಯಾರದು ಅಂತ ಕೋರ್ಟಿಗೆ ಓಡೋ ಕಾಲ ಅದಾಗಿರಲಿಲ್ಲ. ಮಂಡಳಿ ಅನ್ನೋದು ಮೊದಲೇ ಇದ್ದದ್ದು ಅಂಥ ಹೊತ್ತಿಗೆ ಎಷ್ಟು ದೊಡ್ಡ ಆಸರೆ ಅಲ್ವಾ!

ಇನ್ನೊಂದು ವಿಷಯ ನಮ್ಮಲ್ಲೇ ಎಷ್ಟೋ ಜನ ಕೇಳಿಲ್ಲ. ಚೆನ್ನೈನ ಕುಡಿಯೋ ನೀರಿಗೆ ಅಂತ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಲಾ 5 ಟಿಎಂಸಿ ಕೃಷ್ಣಾ ನೀರು ಬಿಟ್ಟುಕೊಡೋಕೆ 1976ರಲ್ಲೇ ಒಪ್ಪಿವೆ. ತೆಲುಗು ಗಂಗಾ ಯೋಜನೆ ಅದರ ಮೇಲೇ ನಿಂತಿದ್ದು. ಕಾವೇರಿ ವಾದದಲ್ಲಿ ಕರ್ನಾಟಕವನ್ನು ನೀರು ಕೊಡದ ರಾಜ್ಯ ಅಂತ ಯಾರಾದರೂ ಅಂದರೆ ಇದನ್ನು ನೆನಪಿಸಿ.

ಕಾವೇರಿಯಲ್ಲೂ ರೈತರು ಮುಂದೆ ಬಂದದ್ದುಂಟು. 2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ ಕಾವೇರಿ ಕುಟುಂಬ ಅಂತ ಮಾಡಿಕೊಂಡು, ಇವರು ಅಲ್ಲಿಗೆ ಅವರು ಇಲ್ಲಿಗೆ ಬಂದು ಗದ್ದೆ, ಕಟ್ಟೆ ನೋಡಿದರು. ಅದು ಗಟ್ಟಿ ಒಪ್ಪಂದವಾಗಿ ಬೆಳೆಯಲಿಲ್ಲ. ಆದರೂ ಸಂಕಷ್ಟ ಸೂತ್ರದ ಮಾತುಕತೆ ಮತ್ತೆ ಶುರುವಾದರೆ ಅಂಥವರು ಮೇಜಿನ ಸುತ್ತ ಇರಲೇಬೇಕು, ಬೆಳೆ ಕಳೆದುಕೊಳ್ಳುವವರು ಅವರೇ ತಾನೇ.

ಅಂಕಿ ಎಲ್ಲಿ ಸಿಗುತ್ತದೆ, ಪ್ರಶ್ನೆ ಯಾರಿಗೆ ಕೇಳಬೇಕು

ನಮ್ಮ ಜಲಾಶಯಗಳ ದಿನದ ಮಟ್ಟ, ಒಳಹರಿವು, ಹೊರಹರಿವು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರದಿಯಲ್ಲಿ ಬರುತ್ತದೆ, ಪತ್ರಿಕೆಗಳೂ ಹಾಕುತ್ತವೆ. ಮೆಟ್ಟೂರಿನದು ತಮಿಳುನಾಡಿನ ಪತ್ರಿಕೆಗಳಲ್ಲಿ ದಿನವೂ ಇರುತ್ತದೆ. ಪ್ರಾಧಿಕಾರದ ಜಾಲತಾಣದಲ್ಲಿ ಸಭೆಯ ನಡಾವಳಿ ಸಿಗುತ್ತದೆ, ಇಂಗ್ಲಿಷಿನಲ್ಲಿದೆ, ಭಾಷೆ ಒಣ, ಆದರೂ ಓದಿ. ಯಾವ ರಾಜ್ಯ ಏನು ಅಂಕಿ ಇಟ್ಟಿತು, ಯಾರ ಮಾತಿಗೆ ಉತ್ತರವೇ ಬರಲಿಲ್ಲ ಅನ್ನೋದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಟಿ.ವಿ. ಚರ್ಚೆಗಿಂತ ಅದು ಸಾವಿರ ಪಾಲು ಉಪಯೋಗ.

ಶಾಸಕರನ್ನು, ಮಂತ್ರಿಯನ್ನು ಕೇಳುವಾಗ "ನೀರು ಯಾಕೆ ಬಿಟ್ಟಿರಿ" ಅಂತ ಮಾತ್ರ ಕೇಳಿದರೆ ಭಾಷಣ ಸಿಗುತ್ತದೆ. ಹೀಗೆ ಕೇಳಿ: ಜೂನ್ 1ರಿಂದ ಒಳಹರಿವಿನ ಕೊರತೆ ನೂರಕ್ಕೆ ಎಷ್ಟು ಅಂತ ನೀವು ಸಮಿತಿಗೆ ಕೊಟ್ಟಿರಿ? ಬಿಳಿಗುಂಡ್ಲುವಿನಲ್ಲಿ ಇಲ್ಲಿವರೆಗೆ ದಾಖಲಾದದ್ದೆಷ್ಟು, ಕೊರತೆ ಕಳೆದು ಆಗಬೇಕಿದ್ದದ್ದೆಷ್ಟು? ಮೆಟ್ಟೂರಿನ ಸಂಗ್ರಹವನ್ನು ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯಾ? ಸಂಕಷ್ಟ ಸೂತ್ರದ ಬಗ್ಗೆ ನಮ್ಮ ಕಡೆಯಿಂದ ಬರೆದ ಪ್ರಸ್ತಾವನೆ ಹೋಗಿದೆಯಾ?

ನಾಲೆ ಬಯಲಿನವರಾದರೆ ಇನ್ನೊಂದು ಬಾಗಿಲೂ ಇದೆ. ನಾಲೆಗೆ ಯಾವಾಗ, ಎಷ್ಟು ಕಟ್ಟು (ಸರದಿ) ನೀರು ಬಿಡಬೇಕು ಅನ್ನೋದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನ ಆಗುತ್ತದೆ. ಆ ಸಭೆ ಸಾಮಾನ್ಯವಾಗಿ ಜುಲೈ ಹೊತ್ತಿಗೆ ನಡೆಯುತ್ತದೆ. ಅಷ್ಟರೊಳಗೆ ಜೂನ್ ತಿಂಗಳ ಒಳಹರಿವನ್ನು ಬರೆದಿಟ್ಟುಕೊಂಡು, ಕಡಿಮೆ ಇದ್ದರೆ ಭತ್ತಕ್ಕೆ ನೀರು ಗ್ಯಾರಂಟಿನಾ, ರಾಗಿ ಹಾಕಬೇಕಾ ಅಂತ ನಾಟಿಗೆ ಮುಂಚೆಯೇ ಲಿಖಿತ ಉತ್ತರ ಕೇಳಿ.